ನೀರು ತೋರಿಸುವ ಗಾಜು

ಜನವರಿ 6, 2025. ಸೋಮವಾರ. ನಾಶಿಕ್ ರೋಡ್.

ಬಿಪಿ ಮಾತ್ರೆ ನುಂಗಿದೆ. ಅದಕ್ಕೂ ಮೊದಲು ಗ್ಲಾಸ್ ವಾಲಿಸಿ ನೋಡಿದೆ, ನೀರಿದೆಯೋ ಇಲ್ಲವೋ ಅಂತ. ಮಲಕವ್ವ ನಕ್ಕಳು. "ನಾನೇ ತುಂಬಿ ಕೊಟ್ಟೀನ್ರಿ. ಇನ್ನಾ ಎಷ್ಟ್ ವರ್ಷ ಹಿಂಗ ಅಲ್ಲಾಡ್ಸಿ ನೋಡ್ತೀರಿ?" ಮದುವೆಯಾಗಿ ಮೂವತ್ತೆಂಟು ವರ್ಷ. ಕಾರಣ ಹೇಳಿಲ್ಲ.

ಮಧ್ಯಾಹ್ನ ಫೋನ್. ರಂಜನಿ ಅಂತೆ, ರೈಲ್ವೆ ಎಂಜಿನಿಯರ್. ಅಪ್ಪ ಬ್ಯಾಂಕಿನವರು, ಧಾರವಾಡದ ಕಡೆಯವರು. ಮ್ಯೂಸಿಯಮ್ಮಿನ ದೊಡ್ಡ ಸ್ಟೀಮ್ ಎಂಜಿನ್ನಿಗೆ ಇಪ್ಪತ್ತಾರನೇ ತಾರೀಖು ಮತ್ತೆ ಬೆಂಕಿ ಹಾಕುತ್ತಾರಂತೆ. ಕಲಿಸಲು ಹಳೇ ಫೈರ್‌ಮನ್, ಬೆಂಕಿಗೆ ಕಲ್ಲಿದ್ದಲು ಹಾಕಿ ನೀರು ನೋಡಿಕೊಂಡವನು, ಬೇಕು. ಮರಾಠಿ ರೂಢಿಯಲ್ಲಿ ಅಜ್ಜ ಅಂತ ಕರೆದಳು: "ಆಜೋಬಾ, ಹಳೇ ತನಿಖೆ ರಿಪೋರ್ಟ್‌ನಲ್ಲಿ ನಿಮ್ಮ ಹೆಸರು ಸಿಕ್ತು. ಇದು ನಿಮ್ದೇ ಎಂಜಿನ್." ನಂಬರ್ ಹೇಳಿದಳು. ಹೇಳುವುದೇ ಬೇಕಿರಲಿಲ್ಲ.

ಒಲ್ಲೆ ಅಂದೆ.

ಜನವರಿ 9

ಹೋದೆ. ಕಾಲು ತಾನೇ ಹೋಯಿತು.

ಹಿಂದಿನ ಕಲ್ಲಿದ್ದಲು-ನೀರಿನ ಟೆಂಡರ್ ಸೇರಿ ನೂರೆಪ್ಪತ್ತು ಟನ್. ಹೊಸ ಕಪ್ಪು ಬಣ್ಣ. ಶಾಲೆ ಮಕ್ಕಳು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಜನ ಯಾಕೆ ಇದಕ್ಕೆ ಸಾಯುತ್ತಾರೋ! ಡೀಸೆಲ್ ಎಂಜಿನ್ ಎಲ್ಲವನ್ನೂ ಡಬ್ಬಿಯೊಳಗೆ ಮುಚ್ಚಿಟ್ಟುಕೊಳ್ಳುತ್ತದೆ. ಇದರದು ಹಾಗಲ್ಲ — ರಾಡು, ಕ್ರ್ಯಾಂಕು, ಉಸಿರು, ಎಲ್ಲಾ ಹೊರಗೆ. ಮುಚ್ಚುಮರೆ ಇಲ್ಲ. ಅದನ್ನು ನಡೆಸಿದವನಿಗೆ ಮಾತ್ರ ಇದೆ.

ಕ್ಯಾಬ್ ಹತ್ತಿದೆ. ಡ್ರೈವರ್ ಸೀಟಿನ ಕಡೆ ನೋಡಲಿಲ್ಲ. ನನ್ನ ಡ್ರೈವರ್ ಗುರುಲಿಂಗಪ್ಪಣ್ಣ ಇನ್ನೂ ಅಲ್ಲಿ ಕೂತಿದ್ದಾರೆ ಅನ್ನಿಸಿತು. ಎಣ್ಣೆ ವಾಸನೆ ಅದೇ.

ಜನವರಿ 18. ಸಂಜೆ 5

ನಿನ್ನೆ ಸಣ್ಣ ಬೆಂಕಿ. ಅವಸರ ಮಾಡಿದರೆ ಪ್ಲೇಟ್ ಬಿರಿಯುತ್ತದೆ, ನಿಧಾನ ಅಂದೆ. ಇವತ್ತು ಸ್ಟೀಮ್ ಏರಿತು. ಸೂಜಿ ನೂರು ದಾಟಿತು. ಮೈ ಜುಮ್ಮೆಂದಿತು, ಸುಳ್ಳು ಯಾಕೆ.

ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ನೋಡಿ ರಂಜನಿ ಕೂಗಿದಳು: "ಆಜೋಬಾ, ನೀರು ಫುಲ್ ಇದೆ!"

ಅವಳನ್ನು ತಳ್ಳಿಯೇಬಿಟ್ಟೆ. ಗ್ಲಾಸಿನ ಕೆಳಗಿನ ನಲ್ಲಿ, ಕಾಕ್, ತೆರೆದೆ. ಬಿಸಿನೀರು ಬುಸ್ಸೆಂದಿತು. ನಿಜಕ್ಕೂ ತುಂಬಿತ್ತು. ಮುಚ್ಚಿ ಮತ್ತೊಮ್ಮೆ ತೆರೆದು ನೋಡಿದೆ.

"ಯಾಕೆ ಇಷ್ಟು ಹೆದರಿದ್ರಿ?"

"ತುಂಬಿದ್ ಗ್ಲಾಸು, ಖಾಲಿ ಗ್ಲಾಸು ಕಣ್ಣಿಗಿ ಒಂದೇ ಕಾಣ್ತಾವ, ತಂಗಿ. ನಡುವ ನೀರಿನ ಗೆರಿ ಕಾಣ್ಲಿಲ್ಲಂದ್ರ ನಂಬಬ್ಯಾಡ. ಕಾಕ್ ತೆರದ್ ನೋಡು."

ಬರೆದುಕೊಂಡಳು. ಯಾರು ಕಲಿಸಿದ್ದು ಅಂತ ಕೇಳಲಿಲ್ಲ, ಪುಣ್ಯ.

ಇಲ್ಲಿ ಬರೆಯುತ್ತೇನೆ. ಯಾರು ಓದುತ್ತಾರೆ.

1984. ಮನ್ಮಾಡದಿಂದಾಚೆಯ ಏರು. ಡ್ರೈವರ್ ಕಡೆಯ ಗ್ಲಾಸ್ ಒಡೆದಿತ್ತು. ನನ್ನ ಕಡೆಯದೊಂದೇ. ಏರಿನಲ್ಲಿ ನೀರು ಹಿಂದಕ್ಕೆ ಸರಿದು ಗ್ಲಾಸ್ ತುಂಬುವುದು ಸಹಜ. ನೋಡಿದೆ. ಗೆರೆ ಕಾಣಲಿಲ್ಲ. ಕಾಕ್ ತೆರೆದು ನೋಡುವುದು ಅರ್ಧ ನಿಮಿಷದ ಕೆಲಸ. ಸೋಮಾರಿತನ. "ತುಂಬ್ಯದ್ರಿ ಅಣ್ಣಾ" ಅಂದೆ. ಅವರು ತಿರುಗಲೂ ಇಲ್ಲ. "ನೀ ನೋಡೀದಿ ಅಂದ್ರ ನಾ ಯಾಕ ನೋಡ್ಲಿ?"

ಟೆಂಡರಿಗೆ ಹೋಗಿ ಕಲ್ಲಿದ್ದಲು ಎಳೆಯುತ್ತಿದ್ದೆ. ಏರು ಮುಗಿಯಿತು. ಇದ್ದ ಚೂರು ನೀರು ಮುಂದಕ್ಕೆ ಓಡಿತು. ಬೆಂಕಿಯ ಮೇಲಿನ ಪ್ಲೇಟ್ ಬರಿದಾಗಿ ಕುಸಿಯಿತು. ಸ್ಟೀಮ್ ಕ್ಯಾಬಿಗೆ ನುಗ್ಗಿ ಅಣ್ಣನನ್ನು ಸುಟ್ಟಿತು, ಹಿಂದಿದ್ದ ನಾನು ಉಳಿದೆ.

ಅವರು ಎರಡು ದಿನ ಬದುಕಿದ್ದರು. ಸುಟ್ಟ ಬಾಯಿ, ಮಾತಿಲ್ಲ. ತನಿಖೆಯಲ್ಲಿ ನಾನು ಹೇಳಿದೆ — ನೀರಿಲ್ಲ ಅಂತ ಎಚ್ಚರಿಸಿದ್ದೆ, ಡ್ರೈವರ್ ಕೇಳಲಿಲ್ಲ.

ಸತ್ತವರು ಬಂದು ಅಲ್ಲಗಳೆಯುತ್ತಾರೆಯೇ.

ಜನವರಿ 24

ಆರು ದಿನ ಬರೆಯಲಾಗಲಿಲ್ಲ. ಎಂಜಿನ್ ಹತ್ತಿರವೂ ಹೋಗಿಲ್ಲ. ಮಂಡಿನೋವು ಅಂದೆ. ಗ್ಲಾಸಿನಲ್ಲಿ ನೀರು ಕುಡಿಯುವುದನ್ನೂ ಬಿಟ್ಟೆ, ಚೆಂಬಿನಲ್ಲೇ.

ರಂಜನಿ ಮನೆಗೇ ಬಂದಳು. ಎಂಜಿನ್ ಪಕ್ಕ ಬೋರ್ಡ್ ಹಾಕುತ್ತಾರಂತೆ. ಪ್ರಿಂಟ್ ತಂದಿದ್ದಳು. ನಡುವೆ ಒಂದು ಸಾಲು: "1984ರಲ್ಲಿ ಫೈರ್‌ಮನ್ ಎಚ್ಚರಿಸಿದರೂ ಚಾಲಕ ಗುರುಲಿಂಗಪ್ಪ ಅವರ ನಿರ್ಲಕ್ಷ್ಯದಿಂದ ಬಾಯ್ಲರ್ ಅಪಘಾತ."

"ನೋಡಿ ಓಕೆ ಮಾಡಿ ಆಜೋಬಾ. ನಾಳೆ ಸಂಜೆ ಬೋರ್ಡ್ ಬರೆಸ್ಬೇಕು. ಅವರ ಮಗಳಿಗೂ ಕಳಿಸಿದೀನಿ. ಬರ್ತಾರಂತೆ."

ಮಗಳು ವಿದ್ಯಾವತಿ. ಸಂಭಾಜಿನಗರದಲ್ಲಿ ಟೀಚರ್. ಆಗ ಒಂಬತ್ತು ವರ್ಷ. ಹೆಣದ ಜೊತೆ ಅವರ ಮನೆಗೆ ಹೋದವನು ನಾನೇ. ದೊಡ್ಡವಳಾದಾಗಿನಿಂದ ಪ್ರತಿ ದೀಪಾವಳಿಗೆ ಫರಾಳದ, ಹಬ್ಬದ ತಿಂಡಿಯ, ಡಬ್ಬಿ ಕಳಿಸುತ್ತಾಳೆ. ಕಾಕಾ ಅನ್ನುತ್ತಾಳೆ. ಚಕ್ಕುಲಿಯನ್ನು ಪಕ್ಕದ ಮನೆ ಮಕ್ಕಳಿಗೆ ಕೊಟ್ಟುಬಿಡುತ್ತೇನೆ.

ಜನವರಿ 25. ಮಧ್ಯಾಹ್ನ 3

ಬಂದಿದ್ದಾಳೆ. ಹನ್ನೆರಡರ ಬಸ್ಸಿಗೆ. ಕೈಯಲ್ಲಿ ನಿಫಾಡಿನ ದ್ರಾಕ್ಷಿ. ಕೂದಲು ನರೆತಿದೆ. ಕೂರುವ ಠೀವಿ ಅಪ್ಪನದೇ.

ಬೋರ್ಡಿನ ಮಾತು ಓದಿದೆಯಾ ಅಂತ ಕೇಳಿದೆ.

"ಮೊಬೈಲ್‌ದಾಗ ಬಂದದ, ತೆರದಿಲ್ಲ. ಅಪ್ಪನ ಸುದ್ದಿ ಪರರ ಅಕ್ಷರದಾಗ ಓದ್ಲಾಕ ಮನಸಾಗ್ಲಿಲ್ಲ." ದ್ರಾಕ್ಷಿ ತೊಳೆಯುತ್ತಾ ನಕ್ಕಳು. "ನೀವ್ ನೋಡೀರಿ ಅಂದ್ರ ನಾ ಯಾಕ ನೋಡ್ಲಿ, ಕಾಕಾ? ಅಪ್ಪ ಮನ್ಯಾಗ ಹಿಂಗೇ ಅಂತಿದ್ದ, ನೆನಪದಾ?"

ಎದ್ದು ಒಳಗೆ ಬಂದೆ. ಬಾಗಿಲು ಹಾಕಿಕೊಂಡಿದ್ದೇನೆ. ನಲವತ್ತೊಂದು ವರ್ಷ ಕಿವಿಯೊಳಗಿದ್ದ ಮಾತು. ಇವತ್ತು ಅವಳ ಬಾಯಲ್ಲಿ.

3.20

ಪ್ರಿಂಟ್‌ನ ಆ ಸಾಲನ್ನು ಪೆನ್ಸಿಲಿನಲ್ಲಿ ಹೊಡೆದು ಹಾಕಿದೆ. ಮೇಲೆ ಬರೆದೆ: ಗ್ಲಾಸ್ ನೋಡಿದವನು ಫೈರ್‌ಮನ್ ಯಲ್ಲಾಲಿಂಗ. ಕಾಕ್ ತೆರೆಯಲಿಲ್ಲ. ತನಿಖೆಗೆ ಸುಳ್ಳು ಹೇಳಿದ. ಕೆಳಗೆ ನನ್ನ ಸಹಿ. ಅಕ್ಷರ ಸೊಟ್ಟಗಿದೆ, ಓದಲು ಬರುತ್ತದೆ.

ರಂಜನಿಗಿಂತ ಮೊದಲು ಇವಳು ಓದಬೇಕು. ಓದಿದ ಮೇಲೆ ಕಾಕಾ ಅನ್ನುವುದಿಲ್ಲ. ಆಗಲಿ.

ಮಲಕವ್ವ ಕರೆಯುತ್ತಿದ್ದಾಳೆ, ಚಹಾ ಆರುತ್ತದಂತೆ. ಈಗ ವಿದ್ಯಾ ಬಾಗಿಲು ತಟ್ಟಿದಳು. "ಕಾಕಾ, ಆರಾಮಿದ್ದೀರಿಲ್ಲ?" ಚಿಲಕ ತೆಗೆದು, ಹಾಳೆ ಕೈಗಿಟ್ಟು, ಅನ್ನಬೇಕು — ವಿದ್ಯಾ, ಇದನ್ನ ನೀನೇ ನೋಡವ್ವಾ, ಆವತ್ತು ನಾನು —