ಯಾವಾಗ ಬೇಕಾದರೂ ಮುಗಿಸಬಹುದಾದ ಓದು

22 ಆಗಸ್ಟ್ 2022, ಸೋಮವಾರ. ಊಟದ ಹೊತ್ತು

ಬೆಳಗಿನಿಂದ ಏಳು ಪತ್ರ. ಮೂರು ಕ್ರಯ, ಎರಡು ದಾನ, ಎರಡು ಹಕ್ಕು ಬಿಡುಗಡೆ. ಪ್ರಿಂಟರ್ ಮತ್ತೆ ಪೇಪರ್ ನುಂಗಿತು. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸರ್ವರ್ ಡೌನ್ — ಜನವೆಲ್ಲ ನಮ್ಮ ಬೆಂಚಿನ ಮೇಲೆ. ಅದಕ್ಕೇ ಬರೆಯಲು ಪುರುಸೊತ್ತು.

ಇವತ್ತು ಅಡ್ಮಿಷನ್ ಆಯಿತು. ಮಾಸ್ಟರ್ಸ್ ಇನ್ ಲೀಗಲ್ ಸ್ಟಡೀಸ್. ವಕೀಲರಲ್ಲದವರಿಗೆ ಕಾನೂನು ಕಲಿಸುವ ಕೋರ್ಸು. ಪೂರ್ತಿ ಆನ್‌ಲೈನ್. ವೆಬ್‌ಸೈಟಿನಲ್ಲಿ ದಪ್ಪ ಅಕ್ಷರ — ನಿಮ್ಮ ಅನುಕೂಲದಂತೆ ಓದಿ, ಒಂದರಿಂದ ಐದು ವರ್ಷದೊಳಗೆ ಯಾವಾಗ ಬೇಕಾದರೂ ಮುಗಿಸಿ. ಬಿ.ಕಾಂ. ಆಗಿ ಹನ್ನೆರಡು ವರ್ಷದ ಮೇಲೆ ನನಗೆ ಹೇಳಿ ಮಾಡಿಸಿದಂತಿದೆ.

ಓನರಿಗೆ ಹೇಳಿದೆ. ಶಿವರುದ್ರಸ್ವಾಮಿಯವರು ಮೂವತ್ತು ವರ್ಷದಿಂದ ಗುಂಡ್ಲುಪೇಟೆಯಲ್ಲಿ ಪತ್ರ ಬರೆಯುವವರು. ನಾನು ಅವರ ಟೈಪಿಸ್ಟ್. ಕನ್ನಡಕ ಮೂಗಿಗಿಳಿಸಿ ನೋಡಿದರು.

"ಏನ್ ಕಣಮ್ಮಿ ಜಾಹಿದಾ, ಲಾಯರ್ ಆಗ್ಬುಡ್ತೀಯಾ?"

"ಇಲ್ಲ ಸಾರ್. ಇದು ಲಾಯರ್ ಆಗದವರಿಗೆ."

"ಆಗ್ದೆ ಇರಕ್ಕೂ ಓದ್ಬೇಕಾ? ನಾನು ಓದ್ದೇನೇ ಆಗ್ದೆ ಇವ್ನಿ ನೋಡು."

ಬೆಂಚಿನವರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ಅಕ್ಕ, ಆಪಾ ವಿಷಯ ಅವರಿಗೆ ಹೇಳಲಿಲ್ಲ.

28 ಆಗಸ್ಟ್, ಭಾನುವಾರ

ಮೊದಲ ಪಾಠ — ಕಾನೂನು ಎಂದರೇನು. ನಲವತ್ತು ನಿಮಿಷ ಕೇಳಿದೆ. ತಲೆಗೆ ಹತ್ತಲಿಲ್ಲ. ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಬರೆದು ಹಾಕುತ್ತೇನೆ.

ಈ ವರ್ಷ ಮಾರ್ಚ್ 9. ಅಬ್ಬಾ ಹೋಗಿ ಆರು ತಿಂಗಳಾಗಿತ್ತು. ಟ್ರಂಕು ಅಂಗಡಿ ಅಪ್ಸರ್ ಪಾಷಾ ಅಂದರೆ ಪೇಟೆಗೆಲ್ಲ ಗೊತ್ತು — ಮುಂದೆ ಅಂಗಡಿ, ಹಿಂದೆ ಮನೆ. ಅಮ್ಮಿ ಮೊದಲೇ ಇಲ್ಲ. ವಾರಸುದಾರರು ಮೂವರು: ಅಣ್ಣ ಫೈಸಲ್ ಭಯ್ಯಾ, ಅಕ್ಕ ನಾಜ್ನೀನ್ ಆಪಾ, ನಾನು. ಹೆಣ್ಣುಮಕ್ಕಳು ಭಾಗ ಬಿಟ್ಟುಕೊಡುವುದು ಈ ಊರಿನಲ್ಲಿ ಎಲ್ಲ ಜಾತಿಯವರ ಪದ್ಧತಿ. ಅಣ್ಣ ಹೊಸ ಬಟ್ಟೆ ಕೊಡಿಸುತ್ತಾನೆ, ಆಟೋದಲ್ಲಿ ಕರೆತರುತ್ತಾನೆ, ಸಹಿ, ಫೋಟೊ, ಹೆಬ್ಬೆಟ್ಟು, ಆಮೇಲೆ ಹೋಟೆಲಿನಲ್ಲಿ ಊಟ. ಇಂಥವು ವಾರಕ್ಕೆ ಹತ್ತು ಟೈಪ್ ಮಾಡುತ್ತೇನೆ. ನಮ್ಮದನ್ನೂ ನಾನೇ ಮಾಡಿದೆ. ಹಳೆಯ ಫೈಲು ತೆಗೆದು ಹೆಸರು, ಜಾಗದ ಚಕ್ಕುಬಂದಿ ಬದಲಿಸಿದೆ. ಹತ್ತು ನಿಮಿಷದ ಕೆಲಸ.

ಆಪಾ ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಅಕ್ಷರ ಬಾರದು. ಖಾತೆ ಬದಲಾವಣೆಗೆ ಸಹಿ ಬೇಕು ಅಂತ ಭಯ್ಯಾ ಕರೆತಂದಿದ್ದ. ಆಪಾ ಕಾಗದ ಹಿಡಿದು ನನ್ನ ಟೇಬಲಿಗೆ ಬಂದಳು. (ನಾವು ಆಡುವುದು ಉರ್ದು. ನನ್ನ ಪೆನ್ನಿಗೆ ಬರುವುದು ಕನ್ನಡ.)

"ಏನು ಬರ್ದಿದೆ ಇದ್ರಲ್ಲಿ?"

"ಖಾತೆದು ಆಪಾ. ನಾನೂ ಹಾಕಿದ್ದೀನಿ, ಹಾಕು."

ಬಲದಿಂದ ಎಡಕ್ಕೆ, ನಿಧಾನವಾಗಿ ಹಾಕಿದಳು. ಒಳಗೆ ಸಬ್‌ರಿಜಿಸ್ಟ್ರಾರ್ ಒಪ್ಪಿಗೆನಾ ಎಂದು ಕೇಳಿದಾಗ ನನ್ನ ಮುಖ ನೋಡಿ ಹೂಂ ಅಂದಳು. ಕೊನೆಯ ಸಾಲು ಎಲ್ಲ ಪತ್ರದಲ್ಲೂ ಇರುವುದೇ: ಓದಿಸಿ ಕೇಳಿ, ಸರಿಯೆಂದು ತಿಳಿದು, ಸ್ವಸಂತೋಷದಿಂದ. ಓದಿ ಹೇಳಬೇಕಾದವಳು ನಾನು. ಗೊತ್ತಿದ್ದೇ ಸುಳ್ಳು ಹೇಳಿದೆ. ಎಲ್ಲರೂ ಮಾಡುವುದು ತಾನೇ, ಸುಮ್ಮನೆ ಯಾಕೆ ರಗಳೆ ಅನ್ನಿಸಿತ್ತು. ಭಯ್ಯಾ ಮನೆಯಲ್ಲೇ ನನ್ನ ಮಂಚ, ನನ್ನ ಊಟ. ಅದೂ ಇತ್ತು.

ಜೂನ್‌ನಲ್ಲಿ ಆಪಾಳ ಗಂಡ ಸತ್ಯಮಂಗಲದ ಕಡೆ ಹೋದವನು ವಾಪಸ್ ಬರಲಿಲ್ಲ. ಅಲ್ಲೇ ಇನ್ನೊಂದು ಸಂಸಾರವಂತೆ. ಆಪಾ ಹಿಂದಿನ ಎರಡು ರೂಮು ಕೇಳಿಕೊಂಡು ಬಂದಳು. ಅಬ್ಬಾ ಮನೆ, ಅವಳ ಪಾಲು. ಭಯ್ಯಾ ಪತ್ರ ತೋರಿಸಿದ. ಆವತ್ತೇ, ಜುಲೈ 18, ಆಪಾ ಹೆಸರಿನಲ್ಲಿ ಪುರಸಭೆಗೆ ತಕರಾರು ಅರ್ಜಿ ಬರೆದುಕೊಟ್ಟೆ. ನೋಂದಣಿಯಾದ ಪತ್ರ, ಕೋರ್ಟಿಗೆ ಹೋಗಿ ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಆಪಾ ನನ್ನ ಕೈ ಹಿಡಿದುಕೊಂಡು, "ನಮ್ಮಿಬ್ರಿಗೂ ಮೋಸ ಮಾಡ್ಬಿಟ್ಟ ಜಾಹಿದಾ, ಪಾಪ ನಿನಗೂ ಗೊತ್ತಾಗ್ಲಿಲ್ಲ," ಅಂದಳು.

ನಾನು ಅಲ್ಲ ಅನ್ನಲಿಲ್ಲ. "ವಕೀಲರು ಸುಮ್ನೆ ಅಲೆದಾಡಿಸ್ತಾರೆ ಆಪಾ, ನಾನೇ ಕಾನೂನು ಓದಿ ಬಿಡಿಸ್ತೀನಿ," ಅಂದೆ. ಈ ಕೋರ್ಸು ಹುಟ್ಟಿದ್ದು ಹೀಗೆ.

15 ಜನವರಿ 2023

ಮೊದಲ ಸೆಮಿಸ್ಟರ್. ನಾಲ್ಕರಲ್ಲಿ ಮೂರು ಪಾಸು. ಆಪಾ ಈಗ ಚಾಮರಾಜನಗರದಲ್ಲಿ, ಮಹಡಿ ಮೇಲೊಂದು ರೂಮು, ಹೊಲಿಗೆ ಮೆಷಿನ್ನು, ಊರವರ ಸೀರೆಗೆ ಫಾಲ್ಸು. ಫೋನಿನಲ್ಲಿ ಅತ್ತಳು, ಖುಷಿಗೆ. ಮಳೆಗಾಲದಲ್ಲಿ ಶೀಟು ಸೋರುತ್ತದೆ, ಆದರೂ ಕಾಯುತ್ತೇನೆ ಅಂದಳು.

2 ಜೂನ್ 2023

ಸೆಮಿಸ್ಟರ್ ಮುಂದೂಡಿದೆ. ಅದಕ್ಕೊಂದು ಬಟನ್ ಇದೆ. ಒತ್ತಿದರೆ ಮೇಲ್ ಬರುತ್ತದೆ — ಪರವಾಗಿಲ್ಲ, ನಿಮ್ಮ ವೇಗದಲ್ಲಿ ಕಲಿಯಿರಿ. ಎಷ್ಟು ಒಳ್ಳೆಯ ಜನ! ಅತ್ತಿಗೆ, ಭಾಬಿಗೆ ಬಾಣಂತನ, ಆಫೀಸಿನಲ್ಲಿ ಸೀಸನ್... ಕಾರಣ ಕೇಳುವವರಿಲ್ಲ. ನಾನೇ ಬರೆದುಕೊಳ್ಳುತ್ತಿದ್ದೇನೆ.

19 ಫೆಬ್ರವರಿ 2024, ಸೋಮವಾರ

ಎದುರಿನ ಆಫೀಸಿನ ಟೈಪಿಸ್ಟ್ ಚಿಕ್ಕಬಸವಯ್ಯನನ್ನು ಯಾವುದೋ ಪತ್ರದ ಕೇಸಿಗೆ ಸಾಕ್ಷಿಗೆ ಕರೆದಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದನಂತೆ. ಆಮೇಲೆ ಆ ಆಫೀಸಿಗೆ ಒಂದು ನರಪಿಳ್ಳೆಯೂ ಬರುತ್ತಿಲ್ಲ. ಅವನನ್ನು ತೆಗೆದರು.

"ಟೈಪ್ ಮಾಡೋನು ಬಾಯ್ ಬುಟ್ರೆ ಅಂಗ್ಡಿ ಮುಚ್ಕೊಂಡು ಓಗನ ಅಷ್ಟೆ," ಓನರ್ ಅಂದರು. ನನಗೇ ಅಂದದ್ದಲ್ಲ. ಆದರೂ ಟೈಪ್ ಮಾಡುತ್ತಿದ್ದ ಸಾಲನ್ನು ಅಳಿಸಿ ಮತ್ತೆ ಹೊಡೆದೆ.

ಆಪಾ ಕೇಸಿಗೆ ಇರುವ ಸಾಕ್ಷಿ ಯಾರು? ನಾನೊಬ್ಬಳೇ. ಓದಿ ಹೇಳಲಿಲ್ಲ, ಸುಳ್ಳು ಹೇಳಿದೆ ಅಂತ ಕಟಕಟೆಯಲ್ಲಿ ನಿಂತು ಹೇಳಬೇಕು. ಆಪಾ ಎದುರಿಗೆ. ಆಮೇಲೆ ಕೆಲಸವಿಲ್ಲ, ಮನೆಯಿಲ್ಲ, ಆಪಾನೂ ಇಲ್ಲ.

ಬಟನ್ ಒತ್ತಿದೆ. ಎರಡನೆಯ ಸಲ.

5 ನವೆಂಬರ್ 2024

ಓದು ಮತ್ತೆ ಶುರು. ಸಂವಿಧಾನ ಮುಗಿಯಿತು, ಕರಾರು ಕಾಯ್ದೆ ಮುಗಿಯಿತು. ಸಿವಿಲ್ ಪ್ರೊಸೀಜರ್ ಕಷ್ಟವಂತೆ. ಯಾವ ಪೇಪರ್ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಕೊನೆಗಿಟ್ಟಿದ್ದೇನೆ.

ಆಪಾ: "ಇನ್ನೆಷ್ಟು ದಿನ ಓದ್ತೀಯ?"

"ಆಯ್ತು ಆಪಾ, ಬಂತು."

31 ಮಾರ್ಚ್ 2025, ಸೋಮವಾರ. ಈದ್

ಆಪಾಳನ್ನು ಕರೆಯಲಿಲ್ಲ. ಶೀರ್ ಖುರ್ಮಾ ನಾನೇ ಮಾಡಿದೆ. ನನ್ನ ಬಟ್ಟಲಿನದು ಹಾಗೇ ಉಳಿಯಿತು. ಭಯ್ಯಾ ಫೋನಿನಲ್ಲಿ ನಕ್ಷೆ ತೋರಿಸಿದ. ಅಂಗಡಿ, ಮನೆ ಎರಡನ್ನೂ ಕೆಡವಿ ಲಾಡ್ಜು. ಊಟಿಗೆ, ವಯನಾಡಿಗೆ ಹೋಗುವವರೆಲ್ಲ ಈ ರಸ್ತೆಯಲ್ಲೇ ತಾನೇ. "ನೀನು ರಿಸೆಪ್ಷನ್‌ನಲ್ಲಿ ಕೂತ್ಕೊ ಜಾಹಿದಾ. ನಿನಗೂ ಒಂದು ರೂಮು." ಎಷ್ಟು ಪ್ರೀತಿಯಿಂದ ಹೇಳಿದ! ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

18 ಜುಲೈ 2025, ಶುಕ್ರವಾರ

ಹನ್ನೊಂದು ಪತ್ರ. ತಲೆನೋವು. ಆಪಾ ಫೋನ್ ಮಾಡಿದ್ದಳು, ಎತ್ತಲಿಲ್ಲ.

4 ಆಗಸ್ಟ್, ಸೋಮವಾರ

ಸಾಮಾನೆಲ್ಲ ಎದುರಿನ ಬಾಡಿಗೆ ಮನೆಗೆ ಸಾಗಿಸಿಯಾಗಿತ್ತು. ಜೆಸಿಬಿ ಬಂತು. ಹಿಂದಿನ ಎರಡು ರೂಮಿನಿಂದ ಶುರು ಮಾಡಿದರು. ಹತ್ತು ಗಂಟೆಗೆ ಗೋಡೆ ಇತ್ತು, ಊಟಕ್ಕೆ ಬಂದಾಗ ಇರಲಿಲ್ಲ. ಜಾಗವಾದರೂ ಅಲ್ಲೇ ಇದೆ, ಕೋರ್ಟು ಜಾಗ ಕೊಡಿಸುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಆಪಾಗೆ ಹೇಳಿಲ್ಲ.

7 ಸೆಪ್ಟೆಂಬರ್, ಭಾನುವಾರ

ಕೊನೆಗಿಟ್ಟಿದ್ದ ಸಿವಿಲ್ ಪ್ರೊಸೀಜರ್ ಪೇಪರಿನ ಆರನೆಯ ಪಾಠ. ಕಾಲಮಿತಿ. ಮೇಡಂ ಸ್ಲೈಡಿನಲ್ಲಿ ಒಂದು ಪಟ್ಟಿ ಹಾಕಿದರು. ಪತ್ರವೊಂದನ್ನು ರದ್ದು ಮಾಡಿಸಲು — ವಿಷಯ ಗೊತ್ತಾದ ದಿನದಿಂದ ಮೂರು ವರ್ಷ.

ವಿಡಿಯೊ ನಿಲ್ಲಿಸಿದೆ. ಹಿಂದಕ್ಕೆ ಹಾಕಿ ಮತ್ತೆ ಕೇಳಿದೆ. ಮೂರು ವರ್ಷವೇ. ನಮ್ಮ ಆಫೀಸಿನಲ್ಲಿ ಪತ್ರ ಮಾಡುತ್ತೇವೆ, ರದ್ದಿನ ವಿಷಯ ಯಾರೂ ಎತ್ತುವುದಿಲ್ಲ. ಆದರೆ ಪಾಠದ ಪಟ್ಟಿಯಲ್ಲಿ ಈ ಹೆಸರು ಮೊದಲ ದಿನದಿಂದ ಇತ್ತು. ಮೊದಲ ವಾರವೇ ತೆಗೆಯಬಹುದಿತ್ತು.

ಆಪಾಗೆ ಗೊತ್ತಾದದ್ದು 2022ರ ಜುಲೈ 18. ಬೆರಳು ಮಡಚಿ ಎಣಿಸಿದೆ, ಎರಡು ಸಲ.

9 ಸೆಪ್ಟೆಂಬರ್, ಮಂಗಳವಾರ

ಹುಷಾರಿಲ್ಲ ಎಂದು ರಜೆ ಹಾಕಿ ಚಾಮರಾಜನಗರದ ಕೋರ್ಟಿಗೆ ಹೋದೆ. ಆಪಾಳ ಬೀದಿ ತಪ್ಪಿಸಿ ನಡೆದೆ. ಗಂಗಾಂಬಿಕೆ ಅಂತ ವಕೀಲರು, ವಯಸ್ಸಾದವರು. ಫೈಲು ಕೊಟ್ಟೆ. ಪತ್ರ ಬಿಟ್ಟು ಪುರಸಭೆಯ ಅರ್ಜಿಯನ್ನೇ ಓದಿದರು.

"ಈ ಅರ್ಜಿ ಬರ್ದೋರ್ ಯಾರಮ್ಮ?"

"ನಾನೇ ಮೇಡಂ."

"ಬಾಳ ಚೆನ್ನಾಗ್ ಬರ್ದಿದ್ದೀರ. ‘ಸದರಿ ವಿಷಯವು ಈ ದಿನ ನನ್ನ ಗಮನಕ್ಕೆ ಬಂದಿರುತ್ತದೆ.’ ಕೆಳ್ಗೆ ತಾರೀಖು, ಪುರಸಭೆ ಸೀಲು. ಎದುರು ಪಾರ್ಟಿ ಇದೊಂದು ಇಟ್ರೆ ಸಾಕು. ಮೂರು ವರ್ಷ ಮುಗ್ದು ಐವತ್ಮೂರು ದಿನ ಆಗೋಯ್ತು."

ಅದು ಕೈ ಅಭ್ಯಾಸ. ಎಲ್ಲ ಅರ್ಜಿಯಲ್ಲೂ ಆ ಸಾಲು ಹಾಕುತ್ತೇನೆ. ಕೇಳಲು ಗಂಭೀರವಾಗಿರುತ್ತದೆ ಅಂತ.

"ಬೇರೆ ದಾರಿ..."

"ಕೇಸ್ ಹಾಕ್ಬೋದು. ನಿಲ್ಲಲ್ಲ. ಜುಲೈ ಒಳಗೆ ಬಂದು ಟೈಪ್ ಮಾಡ್ದೋರು ಸಾಕ್ಷಿ ಹೇಳಿದ್ರೆ ಕಲ್ಲು ನಿಂತಂಗೆ ನಿಲ್ತಿತ್ತು." ಫೈಲು ಮಡಚಿ ಕೊಟ್ಟರು. "ಮೂರು ವರ್ಷ ಏನ್ಮಾಡ್ತಿದ್ರಿ?"

ಓದುತ್ತಿದ್ದೆ ಅಂದೆ. ಅವರಿಗೆ ಅರ್ಥವಾಗಲಿಲ್ಲ.

12 ಸೆಪ್ಟೆಂಬರ್, ಶುಕ್ರವಾರ

ತೆರಕಣಾಂಬಿ ಕಡೆಯ ಗುರುಮಲ್ಲಮ್ಮ, ತಮ್ಮ ಸೋಮಯ್ಯನ ಜೊತೆ. ಹೊಸ ಸೀರೆ, ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಹಕ್ಕು ಬಿಡುಗಡೆ. ನಾನು ಎದ್ದು ನಿಂತು ಇಡೀ ಪತ್ರವನ್ನು ಜೋರಾಗಿ ಓದಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಕೊನೆಗೆ ಹೇಳಿದೆ: "ಅಮ್ಮಾ, ಇದಕ್ಕೆ ಒತ್ತಿದ್ರೆ ನಿಮ್ಮ ಭಾಗ ಹೋಗುತ್ತೆ. ಮುಂದೆ ಕೇಳೋಕಾಗಲ್ಲ."

ಮುದುಕಿ ನನ್ನನ್ನೇ ಕನಿಕರದಿಂದ ನೋಡಿತು. "ಗೊತ್ತು ಕಣವ್ವ. ಒತ್ನಿಲ್ಲ ಅಂದ್ರೆ ಗೌರಿ ಅಬ್ಬಕ್ಕೆ ಕರಿಯಕಿಲ್ಲ. ಎಲ್ಲಿ ಒತ್ಬೇಕು ಯೋಳು."

ತೋರಿಸಿದೆ. ಒತ್ತಿದಳು.

ಅವರು ಹೋದಮೇಲೆ ಓನರ್ ಕೂಗಾಡಿದರು: "ಪಾರ್ಟಿನ ಎದರುಸ್ತೀಯೇನಮ್ಮಿ? ಓದಿದ್ದು ಸಾಕು ಬುಡು!" ನನಗೆ ಬೇಜಾರೂ ಆಗಲಿಲ್ಲ. ಆಪಾಗೂ ಹೀಗೆ ಓದಿ ಹೇಳಿದ್ದರೆ ಅವಳೂ ಹಾಕುತ್ತಿದ್ದಳೋ ಏನೋ. ಹಾಕಿದ್ದರೆ ಅದು ಅವಳದಾಗಿರುತ್ತಿತ್ತು. ಈಗ ನನ್ನದು.

19 ಸೆಪ್ಟೆಂಬರ್

ಕೊನೆಯ ಪೇಪರ್ ಪಾಸು. ಡಿಗ್ರಿ ಮುಗಿಯಿತು. ಕಾಲಮಿತಿಯ ಪ್ರಶ್ನೆ ಬಂದಿತ್ತು, ಹತ್ತಕ್ಕೆ ಹತ್ತು. ಆಪಾಗೆ ಪಾಸಾದದ್ದಷ್ಟೇ ಹೇಳಿದೆ. ಭಾನುವಾರ ಬಾ ಅಂದಳು.

21 ಸೆಪ್ಟೆಂಬರ್ 2025, ಭಾನುವಾರ. ಆಪಾ ರೂಮು

ಹೇಳಲೆಂದೇ ಬಂದೆ. ಬಸ್ಸಿನಲ್ಲಿ ದಾರಿಯುದ್ದ ಬಾಯಿಪಾಠ ಮಾಡಿದೆ. ಮೊದಲು ತಾರೀಖಿನ ವಿಷಯ, ಆಮೇಲೆ ಸಹಿಯ ವಿಷಯ. ಬೇಡ, ಮೊದಲು ಸಹಿ.

ಬಾಗಿಲಲ್ಲೇ ತಬ್ಬಿಕೊಂಡಳು. ಕೆಳಗಿನ ಮನೆಯವರಿಗೆಲ್ಲ "ನಮ್ಮ ಜಾಹಿದಾ ವಕೀಲೆ" ಅಂತ ಹೇಳಿಬಿಟ್ಟಿದ್ದಾಳೆ. ಮೆಷಿನ್ನಿನ ಮೇಲೆ ಕರಿ ಬಟ್ಟೆ, ಎರಡೂವರೆ ಮೀಟರ್, ಹೊಸದು.

"ಅಲ್ಲಿ ನಿಂತ್ಕೊ. ಕೈ ಎತ್ತು," ಅಂದಳು. "ಕೋಟು ನಾನೇ ಹೊಲೀತೀನಿ. ರೆಡಿಮೇಡು ಭುಜದ ಹತ್ರ ಕೂರಲ್ಲ."

ಎತ್ತಿದೆ. ಎದೆ, ಭುಜ, ತೋಳು. ಟೇಪಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಉರ್ದು ಅಂಕಿಯಲ್ಲಿ ಬರೆದುಕೊಂಡಳು. ಎರಡೂ ಕೈ ಮೇಲೆತ್ತಿಕೊಂಡು ನಿಂತವಳು ಏನು ಹೇಳಬೇಕು? ನನ್ನ ಕಣ್ಣಲ್ಲಿ ನೀರು ನೋಡಿ ತಾನೂ ಅತ್ತಳು.

"ಇನ್ನೇನು ಬಿಡು, ಕಷ್ಟದ ದಿನ ಮುಗೀತು. ಕೋರ್ಟಲ್ಲಿ ನೀನು ನಿಂತ್ರೆ ನಾನು ಬಾಯಿ ಬಿಡೋದೇ ಬೇಡ. ಆ ಎರಡು ರೂಮಿಗೆ ಹಸಿರು ಬಣ್ಣ ಹೊಡೆಸೋಣ."

ರೂಮು ಇಲ್ಲ ಅನ್ನುವುದೂ ಅವಳಿಗೆ ಗೊತ್ತಿಲ್ಲ. ಭಯ್ಯಾಗೆ ಇವಳು ಫೋನ್ ಮಾಡುವುದಿಲ್ಲ. ಇವಳಿಗೆ ಎಲ್ಲ ಸುದ್ದಿ ನನ್ನಿಂದಲೇ ಹೋಗಬೇಕು.

ಟೀಗೆ ಹಾಲು ತರಲು ಕೆಳಗೆ ಹೋಗಿದ್ದಾಳೆ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದಾಗಿದೆ, ಕತ್ತರಿ ಇನ್ನೂ ಹಾಕಿಲ್ಲ. ಕತ್ತರಿ ಹಾಕುವ ಮೊದಲೇ ಹೇಳಬೇಕು, ಆಮೇಲೆ ಅಂಗಡಿಯವನು ಬಟ್ಟೆ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮೆಟ್ಟಿಲ ಮೇಲೆ ಬಂದಳು. ಬಾಗಿಲು ತಳ್ಳುವಷ್ಟರಲ್ಲಿ ಶುರು ಮಾಡಬೇಕು. ಆಪಾ, ಹಾಲು ಆ ಕಡೆ ಇಡು, ಇಲ್ಲಿ ಕೂತ್ಕೊ, ನಾನು