ಧಾನ್ಯ ಮೊದಲೋ, ದೇವರು ಮೊದಲೋ

ಅಪ್ಪಾ,

ನೀವು ಪಕ್ಕದ ಕೋಣೆಯಲ್ಲೇ ಇದ್ದೀರಿ, ಆದರೂ ಈ ಕಾಗದ ನಿಮಗೆ ಮುಟ್ಟುವುದಿಲ್ಲ. ನೆನಪು ಕೈಕೊಟ್ಟ ಮೇಲೆ ನೀವು ನನ್ನನ್ನು ಗುರುತಿಸಿಲ್ಲ. ಫೋಟೋ ತೋರಿಸಿದೆ, ಅಮ್ಮನ ಕನ್ನಡಕ ತೋರಿಸಿದೆ, ಯಾವ ಸರಕೂ ನಿಮ್ಮ ಹತ್ತಿರ ಬಿಕರಿಯಾಗಲಿಲ್ಲ. ಇವತ್ತು ಬೇರೆ ದಾರಿ ಕಾಣದೆ ನನ್ನ ಧಾನ್ಯದ ಅಂಗಡಿಯಿಂದ ಒಂದು ಹಿಡಿ ಗೋಧಿ ತಂದು ನಿಮ್ಮ ಅಂಗೈಗೆ ಸುರಿದೆ.

"ದಾಗಾನ್!" ಎಂದಿರಿ. ನಿಮ್ಮೊಳಗಿನ ಹೀಬ್ರೂ ಮೇಷ್ಟರ ದನಿ ಹಾಗೇ ಇತ್ತು. "ಬೈಬಲ್ಲಲ್ಲಿ ಧಾನ್ಯಕ್ಕೆ ಇದೇ ಮಾತು. ಹಿಂದೆ ಅದೇ ಹೆಸರಿನ ದೇವರೂ ಇದ್ದ. ಆಮೇಲೆ ಬಂದೋರು, 'ದಾಗ್' ಅಂದ್ರೆ ಮೀನು ಅಂತ, ಅವನನ್ನ ಮೀನಿನ ದೇವರು ಮಾಡಿಬಿಟ್ರು, ಬರೀ ಬುರುಡೆ!"

ಕಾಳು ಕಚ್ಚಿ ಅದರಲ್ಲಿ ತೇವ ಎಷ್ಟಿದೆ ಎಂದು ಹೇಳುವ ವ್ಯಾಪಾರಿ ನಾನು. ಅಂಗಡಿ ಇಟ್ಟ ಮೇಲೆ ನಿಮ್ಮ ಪಾಠ ಕೇಳಿದ್ದು ಇದೇ ಮೊದಲು. ಎಲ್ಲಿ ಮಾತು ನಿಲ್ಲಿಸಿಬಿಡುತ್ತೀರೋ ಎಂಬ ಭಯಕ್ಕೆ ಕೇಳಿದೆ:

"ದೇವರಿಂದ ಧಾನ್ಯಕ್ಕೆ ಹೆಸರು ಬಂತಾ, ಧಾನ್ಯದಿಂದ ದೇವರಿಗಾ?"

"ಅದು ಯಾರಿಗೂ ಗೊತ್ತಿಲ್ಲ ಕಣಯ್ಯಾ." ನೀವು ನಕ್ಕು ನನ್ನ ಮುಖವನ್ನೇ ದಿಟ್ಟಿಸಿದಿರಿ. ಗುರುತು ಹಿಡಿದಿರಿ ಎಂದುಕೊಂಡೆ. "ಜಾಣ ಇದೀಯ. ಯಾರ ಮಗನಪ್ಪಾ ನೀನು?"

ಕಲ್ಲಿಗೂ ಮಾತು ಕಲಿಸುವ ಈ ಬಾಯಿ ತೊದಲಿತು. "ಒಬ್ರು ಮೇಷ್ಟರ ಮಗ, ಸಾರ್."

"ಹೌದಾ? ಅವರು ಹೇಗಿದಾರೆ?"

ಅಪ್ಪಾ, ನಿಮಗೆ ಏನು ಹೇಳಲಿ?