ತಾಯಿಯ ತಮ್ಮ ರಕ್ತಸಂಬಂಧಿಯಲ್ಲವೇ, ಸ್ವಾಮಿ?

ಜಾಗೃತಿ ಫಲಕ ಬರೆಸುವ ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಒಂದೇ ಒಂದು ಶಬ್ದದಿಂದ ನನ್ನ ಮಗಳ ಕಿವಿಯ ಚಿಕಿತ್ಸೆ ತಡವಾಯಿತು. ಆ ಶಬ್ದ ‘ರಕ್ತಸಂಬಂಧ’. ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಿ ಬಸ್ಸಿಗೆ ಕಾದರೂ ‘ರಕ್ತಸಂಬಂಧದಲ್ಲಿ ವಿವಾಹ ಬೇಡ’ ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ಎಷ್ಟು ಚೆಂದದ ಅಕ್ಷರ! ಅದರ ನೆರಳಲ್ಲೇ ಕುಳಿತು ನಮ್ಮವರು ಅಕ್ಕನ ಮಗಳನ್ನು ತಮ್ಮನಿಗೆ ಕೊಡುವ ಮಾತುಕತೆ ಮುಗಿಸುತ್ತಾರೆ. ನಿಮ್ಮನ್ನು ಧಿಕ್ಕರಿಸಬೇಕೆಂದಲ್ಲ, ಸ್ವಾಮಿ. ನಮ್ಮಲ್ಲಿ ರಕ್ತವೆಂದರೆ ಬೆಡಗು, ಅಂದರೆ ತಂದೆಯ ಕಡೆಯ ಕುಲ. ತಾಯಿಯ ತಮ್ಮನ ಬೆಡಗು ಬೇರೆ, ಅಂದಮೇಲೆ ರಕ್ತವೂ ಬೇರೆ. ಇದನ್ನು ನಿಮಗೆ ಯಾರೂ ಹೇಳಲಿಲ್ಲವೇ? ನೀವಾದರೂ ಯಾರನ್ನಾದರೂ ಕೇಳಿದಿರಾ?

ನನ್ನ ಹೆರಿಗೆಯಾದಾಗ ನಿಮ್ಮ ಆಸ್ಪತ್ರೆಯ ನರ್ಸ್ ನಜಮುನ್ನಿಸಾ, “ರಕ್ತಸಂಬಂಧದಾಗ ಮದುವಿ ಆಗೀರೇನ್ರಿ?” ಎಂದು ಕೇಳಿದರು. ನನ್ನ ಅತ್ತೆ ಭಾಗಮ್ಮ, “ಛೇ ಛೇ, ಇಲ್ರಿ! ನಮ್ಮ ಬೆಡಗ ಬ್ಯಾರೆ, ಈಕಿ ಅಪ್ಪನ ಬೆಡಗ ಬ್ಯಾರೆ” ಎಂದರು. ಬಿ.ಎ. ಓದಿದ ನಾನೂ ಹೌದೆಂದು ತಲೆಯಾಡಿಸಿದೆ. ಈ ಅತ್ತೆ ನನ್ನ ತಾಯಿಯ ಹೆತ್ತ ತಾಯಿ. ಗಂಡ ಕಲ್ಲಿನಾಥ ನನ್ನ ತಾಯಿಯ ಖಾಸಾ ತಮ್ಮ. ಇಂದಿಗೂ ಅವರನ್ನು ‘ಮಾಮಾ’ ಎಂದೇ ಕರೆಯುತ್ತೇನೆ. ಸಂಬಂಧದೊಳಗೆ ಮದುವೆಯಾದವರ ಮಕ್ಕಳನ್ನಷ್ಟೇ ಕಿವಿಯ ಪರೀಕ್ಷೆಗೆ ಕಳಿಸುತ್ತಿದ್ದರಂತೆ. ನಮ್ಮನ್ನು ಮನೆಗೆ ಕಳಿಸಿದರು. ಮಗಳು ಶಾಂಭವಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಅವಳು ಅಂಗಳ ತುಂಬ ಓಡಾಡುತ್ತಿದ್ದಳು.

ಕಲಬುರಗಿಯ ಡಾಕ್ಟರು ಬಿಡಿಸಿ ಹೇಳಿದರು: ತಂದೆತಾಯಿ ಇಬ್ಬರಲ್ಲೂ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಕೂಡಿಕೊಂಡಿದೆ, ಹೊರಗಿನವರನ್ನು ಮದುವೆಯಾದರೂ ಹೀಗಾಗಬಹುದು, ಒಳಗೊಳಗೇ ಆದರೆ ಸಾಧ್ಯತೆ ಹೆಚ್ಚು, ತಾಯಿಯದೇನೂ ತಪ್ಪಿಲ್ಲ. ಮನೆಯಲ್ಲಿ ಮಾತ್ರ, ನಾನು ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಬಂದದ್ದೇ ಕಾರಣ! ಯಾರ ಬಳಿ ದೂರಲಿ? ಮುನಿಸಿಕೊಂಡು ತವರಿಗೆ ಹೋದರೆ ಅಲ್ಲಿರುವವಳು ಗಂಡನ ಅಕ್ಕ. ಅತ್ತೆಯ ಕಾಟ ಹೇಳಿಕೊಂಡರೆ, “ನಮ್ಮವ್ವಗ ಅಂತೀಯೇನ್ ಬೇ?” ಎಂದು ನನಗೇ ಬೈಗುಳ.

ಮೊನ್ನೆ ಅತ್ತೆ ಹೇಳಿದರು, “ಕಿವಿ ಕೇಳದ ಹುಡುಗೀನ್ನ ಹೊರಗಿನವ್ರು ಯಾರು ಮಾಡ್ಕೋತಾರ? ನಿನ್ನ ತಮ್ಮ ಅಜಯಕುಮಾರ ಅದಾನಲ್ಲ. ನಾಗರ ಪಂಚಮಿಗಿ ಮಾತ ಕೊಟ್ಟಬಿಡೋಣು.” ತಾಯಿ ಹ್ಞೂಂ ಎಂದಳು. ಮಾಮಾ ಪಂಚಮಿ ಯಾವಾಗ ಎಂದು ಕ್ಯಾಲೆಂಡರ್ ನೋಡಿದರು. ಅಜಯಕುಮಾರ ಇನ್ನೂ ಹೈಸ್ಕೂಲು. ಶಾಂಭವಿ ಅಂಗನವಾಡಿಯ ಕೂಸು.

ಆದ್ದರಿಂದ ಬೆಡಗು ಗಿಡಗು ಕೇಳದೆ, ಹುಟ್ಟಿದ ಪ್ರತಿ ಕೂಸಿನ ಕಿವಿ ಪರೀಕ್ಷೆ ಮಾಡಿಸಿ. ಫಲಕದ ಮೇಲೆ ‘ಸೋದರಮಾವ’, ‘ಅಕ್ಕನ ಮಗಳು’, ‘ಅತ್ತೆಯ ಮಗ’ ಎಂದು ಬಿಚ್ಚಿ ಬರೆಸಿ. ಅಂಥದ್ದೊಂದನ್ನು ಪಂಚಮಿಗೆ ಮೊದಲು ನಮ್ಮ ಮನೆಯ ಎದುರಿನ ಗೋಡೆಗೆ ಹಾಕಿಸಿ. ನಾನು ಬೇಡವೆಂದರೆ ತಾಯಿ, ಅಜ್ಜಿ, ಗಂಡ ಮೂವರಿಗೂ ಎದುರುತ್ತರ ಕೊಟ್ಟಂತೆ. ಬೇಡವೆನ್ನಲು ನನ್ನ ಮಗಳಿಗೆ ಇನ್ನೂ ಮಾತೇ ಬಂದಿಲ್ಲ.

ಇಂತಿ,
ನಿಮ್ಮ ಆಸ್ಪತ್ರೆಯ ಪ್ರಕಾರ ಗಂಡನಿಗೆ ಯಾವ ಸಂಬಂಧವೂ ಇಲ್ಲದ
ಮಹಾನಂದಾ,
ಕಡಗಂಚಿ ಸಮೀಪದ ಹಳ್ಳಿ, ಆಳಂದ ತಾಲ್ಲೂಕು